ಮಂಡಿಯೂರಿ ಕೊಟ್ಟ ಕಡಲೆಕಾಯಿ

ಮಸಾಕಾ ಪಟ್ಟಣದಲ್ಲಿ ಟ್ಯಾಕ್ಸಿಗೆ ಕಾಯುವ ಸಾಲಿನಲ್ಲಿ ಬಬಿರ್ಯೆ ಎಂಬಾಕೆಯ ಮುಂದೆ ಒಬ್ಬ ತಾಯಿ ಮತ್ತು ಸಮವಸ್ತ್ರ ತೊಟ್ಟ ಮಗಳು ನಿಂತಿದ್ದರು. ಇಂಗ್ಲಿಷ್ ಪರೀಕ್ಷೆಗೆ ಹೊರಟವರು.

“ಇನ್ನೊಂದ್ಸಲ ಹೇಳು ನಬ್ಬೋಸಾ. ಹುಡುಗಿ ಅಜ್ಜಂಗೆ ಚಹಾ ಕೊಟ್ಟಳು. ಡೈರೆಕ್ಟ್ ಆಬ್ಜೆಕ್ಟ್ ಯಾವ್ದು?”

“ಅಜ್ಜ.”

“ಹೋದ್ವರ್ಷಾನೂ ಇದನ್ನೇ ಬರ್ದು ಬಂದ್ಯಲ್ಲೇ. ಕೊಟ್ಟಿದ್ದು ಚಹಾ ಅಲ್ವಾ?”

“ಮಂಡಿಯೂರಿ ಕೊಡೋದು ಅಜ್ಜಂಗಲ್ವಾ? ಅವ್ರನ್ನ ಬಿಟ್ಟು ಚಹಾನ ಮೇಲಿಡೋದು ಹೆಂಗಮ್ಮ? ಕೈಯೇ ಬರಲ್ಲ.”

“ಈ ಸಲಾನೂ ಫೇಲಾದ್ರೆ ನಿಮ್ಮಪ್ಪ ನಿನ್ನ ಸೋದರತ್ತೆ ಮನೆ ಕಸಮುಸುರೆಗೆ ಹಾಕ್ತಾರೆ. ಅಲ್ಲಿ ನನ್ನ ಮಾತು ನಡಿಯಲ್ಲ ಕಣೇ.”

ಹುಡುಗಿ ಅಳತೊಡಗಿದಳು. ತಾಯಿ ಆ ಕೆಂಧೂಳಿನಲ್ಲೇ ಮಗಳೆದುರು ಮಂಡಿಯೂರಿ, ಕಡಲೆಕಾಯಿ ಪೊಟ್ಟಣವನ್ನು ಎರಡೂ ಕೈಯಲ್ಲಿ ಚಾಚಿದಳು. ಕಿರಿಯರು ಹಿರಿಯರಿಗೆ ಮಂಡಿಯೂರುವ ಆ ಸೀಮೆಯಲ್ಲಿ ಹೆತ್ತವಳು ಮಗಳಿಗೆ ಮಂಡಿಯೂರಿದ್ದನ್ನು ಬಬಿರ್ಯೆ ಈವರೆಗೆ ಕಂಡಿರಲಿಲ್ಲ; ಮುಖ ತಿರುಗಿಸಿಕೊಂಡಳು.

“ಏಳಮ್ಮ, ಜನ ನೋಡ್ತಿದಾರೆ.”

“ನೋಡ್ಲಿ. ನಾನೇನು ಕೊಟ್ಟೆ?”

“ಕಡಲೆಕಾಯಿ.”

“ಅದೇ ಡೈರೆಕ್ಟ್. ಯಾರಿಗೆ ಕೊಟ್ಟೆ?”

“ನಂಗೆ. ನಾನು ಇನ್‌ಡೈರೆಕ್ಟ್.”

“ಅಲ್ಲಿ ಹೋಗಿ ಮರೀತೀಯಾ?”

“ಸಾಯೋತನಕ ಮರೆಯಲ್ಲ. ಏಳಮ್ಮ.”

ಟ್ಯಾಕ್ಸಿ ಬಂತು. ಮಗಳು ಬಗ್ಗಿ ತಾಯಿಯ ಮಂಡಿಯ ಧೂಳು ಕೊಡವಹೋದಳು.

“ಇರ್ಲಿ ಬಿಡು, ಹತ್ತು,” ಎಂದು ತಾಯಿ ಅವಳನ್ನು ಒಳಗೆ ತಳ್ಳಿ, ಧೂಳಿನ ಸಮೇತ ತಾನೂ ಹತ್ತಿದಳು.