ನದಿ ದಾಟಿದ ಕಾಲಾಳು

ಗ್ವಾಂಗ್‌ಝೌನ ಚಹಾದಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಮುದುಕಿಯರು, ಅಕ್ಕತಂಗಿಯರು. ಅಕ್ಕ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

“ಹಾಂಗ್‌ಕಾಂಗ್‌ನಲ್ಲಿ ಮೊದಲ ದಿನ ಬೆಟ್ಟ, ಮಾರನೇ ದಿನ ದೊಡ್ಡ ಬುದ್ಧ. ಆಯ್ತಾ ಅಕ್ಕ?”

“ಹಡಗುಕಟ್ಟೆ ಯಾವಾಗ, ಯುಕ್‌ಲಿನ್?”

“ಮತ್ತೆ ಅದೇ! ಅಲ್ಲೇನಿದೆ, ಬರೀ ನೀರು.”

“ವಿಂಗ್‌ಸಮ್ ಬರ್ತಾನೆ. ಫೋನ್ ಮಾಡಿದ್ದೆ.”

“ಯಾರು? ನಿಶ್ಚಿತಾರ್ಥ ಆದ್ಮೇಲೆ ನಿನ್ನ ಬಿಟ್ಟು, ಸಮುದ್ರ ಈಜಿ ಹಾಂಗ್‌ಕಾಂಗ್‌ಗೆ ಓಡಿಹೋದನಲ್ಲ, ಅವನಾ?”

“ಓಡಿಹೋದ ಅನ್ಬೇಡ್ವೇ. ಆಗೆಲ್ಲ ಹಾಗೆ ಕದ್ದು ಗಡಿ ದಾಟೋದಕ್ಕೆ ಕಾಲಾಳು ನೂಕೋದು ಅಂತಿದ್ರು.”

“ಹೌದಮ್ಮಾ. ಚದುರಂಗದ ಮಣೆ ನಡುವಿನ ನದಿ ದಾಟಿದ ಕಾಲಾಳು ಹಿಂದಕ್ಕೆ ಬರಲ್ಲ, ಮರೆತ್ಯಾ?”

“ಪಕ್ಕಕ್ಕೆ ಬರುತ್ತಲ್ಲ! ಕಟ್ಟೆವರೆಗೂ ನಾನೇ ಹೋಗ್ತೀನಿ. ಅವನು ನಾಲ್ಕು ಹೆಜ್ಜೆ ಪಕ್ಕಕ್ಕೆ ಬಂದ್ರೆ ಸಾಕು.”

ಒಳಗಿನಿಂದ ಅವರನ್ನು ಕರೆದರು. ತಂಗಿ ಅಕ್ಕನ ಕೈ ಹಿಡಿದು ಎಳೆದಳು.

“ನಡಿ. ಬೆಟ್ಟ, ಬುದ್ಧ ಎಲ್ಲೂ ಓಡಿಹೋಗಲ್ಲ. ಮೊದಲ ದಿನ ಕಟ್ಟೆಗೇ.”