ಟೋರ್ಮೋದನಿಗೆ ಕಾಲುಗಳೂ ಇದ್ದವು

ಸ್ಕಾರ್‌ವಿಕ್ ಫುಟ್‌ಬಾಲ್ ಕ್ಲಬ್ಬಿನ ಮಾನ್ಯ ಅಧ್ಯಕ್ಷರೇ, ಮೇಯರ್ ಅವರೇ, ಮುಂದಿನ ಸಾಲಿನಲ್ಲಿ ಕಾಲು ಚಾಚಲು ಜಾಗವಿಲ್ಲದೆ ಕುಳಿತಿರುವ ಸನ್ಮಾನಿತ ಗೆಳೆಯ ಟೋರ್ಮೋದ್, ಅವನ ಪತ್ನಿ ಸಿಗ್ನೆಯವರೇ, ಭಾಷಣ ಕೇಳುತ್ತ ಕಾಫಿ ಆರಲು ಬಿಟ್ಟ ಸಭಿಕರೇ,

ಇಲ್ಲಿಯವರೆಗೆ ಮಾತನಾಡಿದವರೆಲ್ಲ ಟೋರ್ಮೋದನ ಎತ್ತರವನ್ನು ಹೊಗಳಿದರು. ಎರಡು ಮೀಟರ್ ನಾಲ್ಕು ಸೆಂಟಿಮೀಟರ್. ಮೇಯರ್ ‘ನಮ್ಮ ಬಂದರಿನ ದೀಪಸ್ತಂಭ’ ಎಂದಾಗ ನೀವೆಲ್ಲ ನಕ್ಕಿರಿ. ಮೂವತ್ತು ವರ್ಷದಿಂದ ಇದೇ ಹಾಸ್ಯ. ನನಗೆ ನಗು ಬರಲಿಲ್ಲ, ಕ್ಷಮಿಸಿ. ಸಿಟ್ಟು ಬಂತು.

ನಾನು ಯೋಸ್ಟೈನ್. ಹದಿನಾಲ್ಕು ವರ್ಷ ಮೈದಾನದ ಬಲಬದಿಯಿಂದ ಅವನಿಗೆ ಚೆಂಡು ಒದಗಿಸಿದವನು. ಹದಿನಾರನೇ ವಯಸ್ಸಿನಲ್ಲಿ ಅವನು ಬಂದ ಮೊದಲ ದಿನ, ಹೆಪ್ಪುಗಟ್ಟಿದ ಜಲ್ಲಿ ಮೈದಾನದಲ್ಲಿ ಮೂವರನ್ನು ಕಾಲಿನಲ್ಲೇ ತಪ್ಪಿಸಿ ಗೋಲು ಹೊಡೆದ. ಕಾಲಿನಲ್ಲಿ ಎಂದೆ, ಕೇಳಿಸಿತೇ? ನಮ್ಮ ತರಬೇತುದಾರ ಹಾಲ್ವರ್ ಸೀಟಿ ಊದಿದ.

“ಲೇ ಉದ್ದಾ, ಈ ಡ್ಯಾನ್ಸೆಲ್ಲ ಯಾರೋ ಹೇಳ್ಕೊಟ್ರು ನಿಂಗೆ? ಹೋಗಿ ಗೋಲಿನ ಮುಂದೆ ನಿಂತ್ಕೋ. ಚೆಂಡು ನಿನ್ ತಲೇಗೇ ಬರುತ್ತೆ.”

ಬಂತು. ನಾನೇ ಕಳಿಸಿದೆ. ಪ್ರತಿ ಅಭ್ಯಾಸದಲ್ಲೂ ಅರವತ್ತು ಸಲ. ಮಳೆಯಲ್ಲಿ ನೆನೆದ ಚೆಂಡು, ಚಳಿಗೆ ಕಲ್ಲಾದ ಚೆಂಡು. ಇನ್ನೂರ ಹನ್ನೊಂದು ಗೋಲುಗಳಲ್ಲಿ ಕಾಲಿನಿಂದ ಬಂದವು ಒಂಬತ್ತು! ರಾಜಧಾನಿಯ ದೊಡ್ಡ ಕ್ಲಬ್ಬೊಂದು ಕರೆದೊಯ್ದು, ‘ತಲೆ ಬಿಟ್ಟರೆ ಬೇರೇನೂ ಇಲ್ಲ’ ಎಂದು ಒಂದೇ ಸೀಸನ್ನಿಗೆ ವಾಪಸು ಕಳಿಸಿತು. ಬೇರೇನೂ ಇಲ್ಲದಂತೆ ಮಾಡಿದವರು ಯಾರು?

ಇನ್ನು ನೀವು ಕೊಂಡಾಡುವ ಆ ಜಿಲ್ಲಾ ಕಪ್ ಫೈನಲ್. ಇದನ್ನು ಹೇಳಬಾರದೆಂದೇ ಬಂದಿದ್ದೆ. ಎದುರಾಳಿ ಗೋಲ್‌ಕೀಪರನ ಮೊಣಕೈ ಟೋರ್ಮೋದನ ಕಿವಿಯ ಮೇಲೆ ಬಡಿಯಿತು. ಎದ್ದು ನನ್ನ ಹತ್ತಿರ ಬಂದ.

“ಯೋಸ್ಟೈನ್, ನಾವು ಹೊಡೀಬೇಕಾದ್ದು ಯಾವ ಕಡೆ ಕಣೋ?”

ಹಾಲ್ವರ್ ಗೆರೆಯಾಚೆಯಿಂದ ಕೂಗಿದ, “ಏನಂತೆ ಅವಂಗೆ? ಹೊರಗೆ ಕರೆಸ್ಲಾ?”

ಹೌದು, ಹಾಲ್ವರ್ ಕೇಳಿದ್ದ. “ಏನಿಲ್ಲ, ತಮಾಷೆ ಮಾಡ್ತಿದಾನೆ” ಎಂದವನು ನಾನು. ನನಗೆ ಕಪ್ ಬೇಕಿತ್ತು.

ಎಂಟು ನಿಮಿಷದ ನಂತರ ಮೂಲೆಯಿಂದ ಚೆಂಡು ಒದ್ದೆ. ಅವನು ಹಾರಿದ. ಗೋಲಾಯಿತು. ನಾವು ಕುಣಿದೆವು, ಅವನು ಬಿದ್ದಲ್ಲೇ ಇದ್ದ. ಆಗ ಅವನಿಗೆ ಮೂವತ್ತು ವರ್ಷ. ಮತ್ತೆಂದೂ ಆಡಲಿಲ್ಲ. ಈಗ ನಲವತ್ತಾರು. ಮೀನು ಕಾರ್ಖಾನೆಯಿಂದ ಮನೆಗೆ ಬರುವ ದಾರಿ ಮರೆಯುತ್ತಾನೆ. ಮಗಳ ಹೆಸರನ್ನು ಸಿಗ್ನೆಯವರು ಬಾಗಿಲ ಮೇಲೆ ಬರೆದು ಅಂಟಿಸಿದ್ದಾರೆ. ಅದಕ್ಕೆ ನಾವು ಕೊಡುತ್ತಿರುವುದು ಒಂದು ಹೂಗುಚ್ಛ!

ಮಕ್ಕಳಿಂದ ತಲೆಯಲ್ಲಿ ಚೆಂಡು ಹೊಡೆಸಬೇಡಿ ಎಂದು ಆಡಳಿತ ಮಂಡಳಿಗೆ ಮೂರು ಪತ್ರ ಬರೆದೆ. “ಮುಂದಿನ ಮೀಟಿಂಗಲ್ಲಿ ನೋಡೋಣ ಬಿಡಿ” ಅಂದಿರಿ. ಅಧ್ಯಕ್ಷರೇ, ನೋಡುವುದು ಬೇಡ. ನಾಳೆಯಿಂದ ನಾನು ತರಬೇತಿ ಕೊಡುವ ಹುಡುಗಿಯರ ತಂಡದಲ್ಲಿ ಚೆಂಡು ನೆಲದ ಮೇಲೇ ಓಡುತ್ತದೆ. ನನ್ನನ್ನು ತೆಗೆದುಹಾಕುವುದಾದರೆ ಈಗಲೇ ಹೇಳಿ, ಎಲ್ಲರೂ ಕೇಳಲಿ.

ಗಡಿಯಾರ ನೋಡಿಕೊಳ್ಳುತ್ತಿದ್ದೀರಾ? ಸರಿ.

ಕಳೆದ ಭಾನುವಾರ ಟೋರ್ಮೋದನ ಅಡುಗೆಮನೆಯಲ್ಲಿ ಕೂತು, ಹದಿನಾರು ವರ್ಷ ಮುಚ್ಚಿಟ್ಟ ಆ ಸುಳ್ಳನ್ನು ಅವನಿಗೇ ಹೇಳಿದೆ. ಬೈಯಲಿ, ಕೆನ್ನೆಗೊಂದು ಬಿಡಲಿ ಎಂದು ಕಾದೆ. ಅವನು ವಾಫಲ್‌ಗೆ ಅಂಚಿನವರೆಗೂ ಜಾಮ್ ಸವರಿ ಮುಗಿಸಿದ. ಆಮೇಲೆ ಅಂದ: “ಆವತ್ತು ನಿನ್ ಪಾಸ್ ಚೆನ್ನಾಗಿತ್ತು ಕಣೋ.”

ಕೇಳಿಸಿಕೊಂಡ ನಿಮಗೆಲ್ಲ ಕೃತಜ್ಞತೆ. ಟೋರ್ಮೋದ್, ನಮಸ್ಕಾರ ಮಾತ್ರ ನಿನಗೊಬ್ಬನಿಗೇ.