ವಾಪಸ್ ಕೇಳದ ಹಣ

ಬ್ಯಾಂಕಿನ ಸರದಿಯಲ್ಲಿದ್ದ ಒಬ್ಬ ಹೆಂಗಸಿನ ಮುಂದೆ ಯಾರೋ ಅಕ್ಕ, ತಮ್ಮ ನಿಂತಿದ್ದರು. ಅಕ್ಕನ ಕೊರಳಲ್ಲಿ ಹೊಲಿಗೆಯ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು.

"ಈ ಪತ್ರಕ್ಕೆ ಸೈನ್ ಹಾಕಕ್ಕ. ಪರದೇಶದಲ್ಲಿ ನೆಲೆಯೂರೋಕೆ ನನ್ನ ಹತ್ರ ದುಡ್ಡಿದೆ ಅಂತ ವೀಸಾದವರಿಗೆ ತೋರಿಸ್ಬೇಕು."

"ಏನಂತ ಬರೆದಿದೆಯೋ?"

"ನೀನು ಕೊಟ್ಟಿದ್ದು ಉಡುಗೊರೆ, ವಾಪಸ್ ಕೇಳಲ್ಲ ಅಂತ."

"ಆರು ತಿಂಗಳಲ್ಲಿ ತೀರಿಸ್ತೀನಿ ಅಂದಿದ್ದೆಯಲ್ಲ? ಹೊಸ ಮೆಷಿನ್ನಿಗೆ ಅಂತ ಕೂಡಿಟ್ಟಿದ್ದು ಕಣೋ ಅದು."

"ತೀರಿಸ್ತೀನಿ. ಸಾಲ ಅಂತ ಗೊತ್ತಾದ್ರೆ ಅರ್ಜಿ ತಳ್ಳಿಹಾಕ್ತಾರೆ."

"ಅಂದ್ರೆ ನಾನು ಸುಳ್ಳಿಗೆ ಸೈನ್ ಹಾಕ್ಬೇಕು."

ತಮ್ಮ ಪೆನ್ನು ಚಾಚಿದ. ಹಿಂದಿದ್ದ ಹೆಂಗಸು ಕಿವಿಗೊಟ್ಟಳು.

"ಸುಳ್ಳು ಹೇಳೋದು ನನ್ನ ಕೈಲಾಗಲ್ಲ. ತೀರಿಸ್ಬೇಡ ಹೋಗು," ಎಂದು ಅಕ್ಕ ಸಹಿ ಮಾಡಿದಳು. "ಆದ್ರೆ ಅಲ್ಲಿಗೆ ಅಂತ ನಾನು ಹೊಲೀತಿರೋ ನಿನ್ನ ಚಳಿ ಕೋಟಿನ ಕೂಲಿ ಮಾತ್ರ ಬಿಡಲ್ಲ."

ಕೌಂಟರ್ ಖಾಲಿಯಾಯಿತು. ಇಬ್ಬರೂ ಮುಂದೆ ಹೋದರು.